ಬೆಲ್ಟ್ ಬದಲಿಸಿದ ಮೇಲೆ ಹೆಡ್ ಬದಿಗೆ ಬಡಿಯುತ್ತಿದ್ದರೆ
ಇಂಕ್ ಟ್ಯಾಂಕ್ ಪ್ರಿಂಟರಿಗೆ ಹೊಸ ಬೆಲ್ಟ್ ಹಾಕಿದ ಮೇಲೆ, ಆನ್ ಮಾಡಿದೊಡನೆ ಹೆಡ್ (ಬೆಲ್ಟ್ ಎಳೆದಂತೆ ಅತ್ತಿತ್ತ ಓಡುತ್ತ ಕಾಗದಕ್ಕೆ ಇಂಕ್ ಸಿಂಪಡಿಸುವ ಭಾಗ) ಧಡಾರನೆ ಬಲಬದಿಗೆ ಬಡಿದು ದೀಪಗಳೆಲ್ಲ ಮಿನುಗುತ್ತವೆ, ಮೋಟಾರು ಹೋಗಿರಬಹುದೇ ಎಂದು ಕೇಳಿದ್ದೀರಿ. ನನಗೆ ಹಾಗೆನಿಸುವುದಿಲ್ಲ. ಮೋಟಾರು ಕೆಟ್ಟಿದ್ದರೆ ಅಷ್ಟು ಜೋರಾಗಿ ಬಡಿಯುವ ಶಕ್ತಿ ಎಲ್ಲಿಂದ ಬರಬೇಕು?

ಹೆಡ್ಡಿನ ಹಿಂದೆ ಈ ತುದಿಯಿಂದ ಆ ತುದಿಗೆ ಬಿಗಿದ ತೆಳುವಾದ ಪಾರದರ್ಶಕ ಪಟ್ಟಿಯೊಂದಿದೆ. ಅದೇ ಎನ್‌ಕೋಡರ್ ಸ್ಟ್ರಿಪ್. ಅದರ ಮೇಲಿನ ಸೂಕ್ಷ್ಮ ಗೆರೆಗಳನ್ನು ಹೆಡ್ಡಿನ ಬೆನ್ನಿಗಿರುವ ಸೆನ್ಸರ್ ಎಣಿಸುವುದರಿಂದಲೇ ಹೆಡ್ ಎಲ್ಲಿದೆಯೆಂದು ಯಂತ್ರಕ್ಕೆ ತಿಳಿಯುತ್ತದೆ. ಎಣಿಕೆ ತಪ್ಪಿದರೆ ಎಲ್ಲಿ ನಿಲ್ಲಬೇಕೆಂಬುದೇ ಗೊತ್ತಾಗದು. ಬೆಲ್ಟ್ ಹಾಕುವಾಗ ಪಟ್ಟಿ ಸೆನ್ಸರಿನ ಸೀಳಿನಿಂದ ಜಾರಿರಬೇಕು, ಇಲ್ಲವೇ ಗ್ರೀಸ್ ಮೆತ್ತಿದ ಬೆರಳು ತಾಗಿರಬೇಕು.

ಪ್ಲಗ್ ಕಿತ್ತು, ಟಾರ್ಚ್ ಹಿಡಿದು ನೋಡಿ. ಜಾರಿದ್ದರೆ ಸೀಳಿನೊಳಗೆ ತೂರಿಸಿ, ಎರಡೂ ತುದಿಗಳನ್ನು ಕೊಕ್ಕೆಗೆ ಸಿಕ್ಕಿಸಿ. ಜಿಡ್ಡಿದ್ದರೆ ನೂಲು ಬಿಡದ ಬಟ್ಟೆಯನ್ನು ನೀರಿನಲ್ಲಿ ತುಸುವೇ ಒದ್ದೆ ಮಾಡಿ ಹಗುರವಾಗಿ ಒರೆಸಿ. ಥಿನ್ನರ್ ಮಾತ್ರ ಬೇಡವೇ ಬೇಡ, ಗೆರೆಗಳೇ ಅಳಿಸಿಹೋದಾವು. ಅಷ್ಟಾದರೂ ಬಡಿತ ನಿಲ್ಲದಿದ್ದರೆ ಬೆಲ್ಟಿನ ಹಲ್ಲುಗಳು ಮೋಟಾರಿನ ಗಾಲಿಯ ಹಲ್ಲುಗಳಿಗೆ ಸರಿಯಾಗಿ ಕೂತಿವೆಯೇ ನೋಡಿ ತಿಳಿಸಿ.