ದೂರದ ಅಡ್ವೆಂಚರ್ ರೈಡಿಂಗ್‌ಗೆ ಬೈಕಿನಲ್ಲಿ ಮೊದಲು ಏನು ಬದಲಿಸಬೇಕು?

ಹೆಚ್ಚಿನವರು ಎಕ್ಸ್‌ಟ್ರಾ ಲೈಟು, ದೊಡ್ಡ ಬಾಕ್ಸು ಅಂತ ಶುರು ಮಾಡುತ್ತಾರೆ. ನನ್ನ ಪ್ರಕಾರ ಮೊದಲ ಖರ್ಚು ಸಸ್ಪೆನ್ಷನ್‌ಗೆ, ಅಂದರೆ ಕುಲುಕಾಟ ತಡೆಯುವ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್‌ಗೆ. ಸಾಮಾನು ಹೇರಿದಾಗ ಹಿಂಭಾಗ ಕುಸಿದರೆ ಮುಂದಿನ ಚಕ್ರದ ಹಿಡಿತ ತಗ್ಗುತ್ತದೆ, ಹೆಡ್‌ಲೈಟ್ ಆಕಾಶ ನೋಡುತ್ತದೆ. ಪೂರ್ತಿ ಲೋಡ್ ಹಾಕಿ ನೀವೂ ಕೂತಾಗ, ಸಸ್ಪೆನ್ಷನ್ ತನ್ನ ಒಟ್ಟು ಚಲನೆಯ ಸುಮಾರು ಮೂರನೇ ಒಂದು ಭಾಗದಷ್ಟು ಇಳಿಯಬೇಕು. ಪ್ರೀಲೋಡ್ (ಸ್ಪ್ರಿಂಗನ್ನು ಮೊದಲೇ ಎಷ್ಟು ಒತ್ತಿಡಬೇಕೆಂಬ ಹೊಂದಾಣಿಕೆ) ಬಿಗಿ ಮಾಡಿದರೂ ಅದಕ್ಕಿಂತ ತುಂಬಾ ಜಾಸ್ತಿ ಇಳಿದರೆ ಗಟ್ಟಿ ಸ್ಪ್ರಿಂಗ್ ಹಾಕಿಸಿ.

ಆಮೇಲೆ ಎಂಜಿನ್ ಅಡಿಗೆ ಕಲ್ಲಿನ ಪೆಟ್ಟು ತಡೆಯುವ ಬ್ಯಾಶ್ ಪ್ಲೇಟ್, ಲಿವರ್ ಮುರಿಯದಂತೆ ಒಳಗೆ ಲೋಹದ ಪಟ್ಟಿ ಇರುವ ಹ್ಯಾಂಡ್‌ಗಾರ್ಡ್. ಒರಟು ದಾರಿಗೆ ಮೆತ್ತನೆಯ ಬ್ಯಾಗೇ ಸರಿ. ಬಿದ್ದಾಗ ಲೋಹದ ಪೆಟ್ಟಿಗೆಯ ಅಡಿ ಕಾಲು ಸಿಕ್ಕಿಕೊಂಡರೆ ಕಷ್ಟ ಅಲ್ವಾ? ಲೈಟ್ ಬೇಕೇ ಬೇಕೆಂದರೆ ಆಲ್ಟರ್ನೇಟರ್‌ನಲ್ಲಿ (ಬೈಕಿನ ಕರೆಂಟ್ ತಯಾರಿಸುವ ಭಾಗ) ಎಷ್ಟು ವಾಟ್ ಮಿಗುತ್ತದೆ ನೋಡಿಕೊಳ್ಳಿ. ಆ ಲೈಟಿಗೆ ಫ್ಯೂಸ್, ರಿಲೇ (ಸ್ವಿಚ್ಚಿನ ಮೇಲೆ ಹೊರೆ ಬೀಳದಂತೆ ಕರೆಂಟ್ ಹಾಯಿಸುವ ಸಾಧನ) ಬೇರೆಯೇ ಇರಲಿ.