ಐವರು ಬೇಡ, ಒಬ್ಬರು ಸಾಕು

ನಮಸ್ಕಾರ.

‘ಬೆಂದಕಾಳೂರ ಪಂಚಕನ್ಯೆಯರು’ ಎಂಬ ನಿಮ್ಮ ಲೇಖನ ತಲುಪಿದೆ. ಮಾಜಿ ಮೇಯರ್ ಒಬ್ಬರು, ಗಾರ್ಮೆಂಟ್ಸ್ ಉದ್ಯಮಿ, ಸ್ವಸಹಾಯ ಸಂಘದ ಅಧ್ಯಕ್ಷೆ, ಪೌರಕಾರ್ಮಿಕರ ಮುಂದಾಳು, ಒಣಕಸದ ಕೇಂದ್ರ ನಡೆಸುವ ಮಹಿಳೆ. ಐದು ಜನ, ಎಂಟು ಪುಟ. ಈಗಿರುವ ರೂಪದಲ್ಲಿ ಹಾಕಿಕೊಳ್ಳಲು ಆಗುವುದಿಲ್ಲ. ‘ವಿಷಾದಿಸುತ್ತೇವೆ’ ಎಂಬ ಒಂದು ಸಾಲಿನ ಚೀಟಿ ಕಳಿಸಿ ಸುಮ್ಮನಾಗಬಹುದಿತ್ತು. ಆದರೆ ಏಳನೇ ಪುಟದಲ್ಲಿ ಆರು ಸಾಲುಗಳಿವೆ: ಕಸದ ಕೇಂದ್ರದ ಆ ಹೆಣ್ಣುಮಗಳು ನಿಮ್ಮೊಡನೆ ಮಾತಾಡುತ್ತಲೇ ಹಾಲಿನ ಕವರೊಂದನ್ನು ಎತ್ತಿ, ಮೂಸಿ, ಪಕ್ಕಕ್ಕೆ ಎಸೆದರು ಎಂಬಲ್ಲಿ. ಆ ಆರು ಸಾಲಿಗಾಗಿ ಇಷ್ಟುದ್ದ ಪತ್ರ.

ಮೊದಲು ಶೀರ್ಷಿಕೆ. ಅಹಲ್ಯೆ, ದ್ರೌಪದಿ, ಸೀತೆ, ತಾರೆ, ಮಂಡೋದರಿ ಇವರ ಪಾಡೇನಾಯಿತು ಎಂದು ಒಮ್ಮೆ ನೆನಪಿಸಿಕೊಳ್ಳಿ. ನೀವೇ ಹೊಡೆದುಹಾಕುತ್ತೀರಿ.

ಲೇಖನದಲ್ಲಿ ‘ದಿಟ್ಟ’ ಹನ್ನೊಂದು ಸಲ ಬಂದಿದೆ, ‘ಛಲಗಾತಿ’ ಏಳು ಸಲ, ‘ಸಬಲೀಕರಣ’ ಎಣಿಸುವುದನ್ನು ಅರ್ಧಕ್ಕೆ ಬಿಟ್ಟೆವು. ಒಂದು ಪರೀಕ್ಷೆ ಮಾಡಿದೆವು. ಉದ್ಯಮಿಯ ಬಗೆಗಿನ ಪ್ಯಾರಾದಲ್ಲಿ ಹೆಸರು ತೆಗೆದು ಸ್ವಸಹಾಯ ಸಂಘದ ಅಧ್ಯಕ್ಷೆಯ ಹೆಸರು ಹಾಕಿದೆವು. ಒಂದಕ್ಷರ ತಿದ್ದಬೇಕಾಗಲಿಲ್ಲ. ‘ಅಡೆತಡೆಗಳನ್ನು ಮೆಟ್ಟಿ ನಿಂತು ನೂರಾರು ಮಹಿಳೆಯರ ಬಾಳಿಗೆ ಬೆಳಕಾದರು’ ಎಂಬುದು ಇಬ್ಬರಿಗೂ ಸಲ್ಲುತ್ತದೆ, ಹಾಗಾಗಿ ಇಬ್ಬರಿಗೂ ಸೇರಿದ್ದಲ್ಲ. ಯಾವ ತಡೆ? ತಡೆದವರು ಯಾರು? ಸಹಿ ಹಾಕದೆ ಕೂತ ಕಡತವೋ, ಬಾಡಿಗೆ ಕೊಡದ ಮನೆ ಮಾಲೀಕನೋ, ಬ್ಯಾಂಕು ಕೇಳಿದ ಜಾಮೀನೋ? ಇಷ್ಟು ಹೊಗಳಿಕೆಯಲ್ಲಿ ಅವರ ಕೆಲಸವೇ ಮುಚ್ಚಿಹೋಗಿದೆ.

ಮೇಯರ್ ಅವರು ‘ನಗರದ ಚುಕ್ಕಾಣಿ ಹಿಡಿದು ಕಸದ ಸಮಸ್ಯೆಗೆ ಮಂಗಳ ಹಾಡಿದರು’ ಎಂದಿದ್ದೀರಿ. ಬೆಂಗಳೂರಿನ ಕಸಕ್ಕೆ ಈವರೆಗೆ ಯಾರೂ ಮಂಗಳ ಹಾಡಿಲ್ಲ, ಓದುಗರು ನಗುತ್ತಾರೆ. ಅದಕ್ಕಿಂತ ದೊಡ್ಡ ತಪ್ಪು, ಆ ಕುರ್ಚಿಗೆ ಏನು ಸಾಧ್ಯವಿತ್ತು ಎಂಬುದನ್ನು ನೋಡದಿರುವುದು. ಬೆಂಗಳೂರಿನ ಪಾಲಿಕೆಯಾಗಿದ್ದ ಬಿಬಿಎಂಪಿಯಲ್ಲಿ ಆಗ ಮೇಯರ್ ಅವಧಿ ಒಂದೇ ವರ್ಷ. ಸೆಪ್ಟೆಂಬರ್ ಹೊತ್ತಿಗೆ ಗಾದಿ ಏರಿದವರಿಗೆ ಮುಂದಿನ ಬಜೆಟ್‌ವರೆಗೆ ಹಿಂದಿನವರ ಲೆಕ್ಕಾಚಾರವೇ ಗತಿ. ತಮ್ಮ ಬಜೆಟ್ ಮಂಜೂರಾಗಿ, ಟೆಂಡರ್ ಕರೆದು, ಕೆಲಸ ಶುರುವಾಗುವಷ್ಟರಲ್ಲಿ ಇಳಿಯುವ ದಿನ ಬಂದಿರುತ್ತದೆ. ಕಾರ್ಯಾಂಗದ ಅಧಿಕಾರವೋ ಆಯುಕ್ತರ ಕೈಯಲ್ಲಿ. ಈ ಇಕ್ಕಟ್ಟಿನಲ್ಲಿ ಒಬ್ಬ ಮಹಿಳೆ ಒಂದೇ ಒಂದು ಕೆಲಸ ದಡ ಸೇರಿಸಿದ್ದರೂ ಅದು ಸುದ್ದಿ. ಆ ಒಂದನ್ನು ಹುಡುಕಿ. ಮತ್ತೊಂದು ದಾರಿಯೂ ಇದೆ. ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲಾಗಿ 2015ರಲ್ಲಿ 198 ವಾರ್ಡ್‌ಗಳಿಗೆ ಚುನಾವಣೆ ನಡೆಯಿತು. ಆ ಕೌನ್ಸಿಲ್ 2020ರ ಸೆಪ್ಟೆಂಬರ್ 10ಕ್ಕೆ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ. 2025ರಲ್ಲಿ ಪಾಲಿಕೆಯೇ ಐದು ಹೋಳಾಯಿತು. ಗೆದ್ದು ಬಂದಿದ್ದ ಆ ಕಾರ್ಪೊರೇಟರ್‌ಗಳು ಈಗ ಏನು ಮಾಡುತ್ತಿದ್ದಾರೆ, ಜನ ಇನ್ನೂ ಅವರ ಮನೆ ಬಾಗಿಲಿಗೆ ಹೋಗುತ್ತಾರಾ, ಅವರ ಗಂಡಂದಿರ ಬಾಗಿಲಿಗಾ? ಇದು ಬೇರೆಯದೇ ಲೇಖನ. ಬರೆಯುವುದಾದರೆ ನಮಗೇ ಕೊಡಿ.

ಪೌರಕಾರ್ಮಿಕರ ಭಾಗಕ್ಕೆ ಬರೋಣ. ಬೀದಿ ಗುಡಿಸುವವರು, ಮನೆಮನೆ ಕಸ ಎತ್ತುವ ಆಟೋ ಟಿಪ್ಪರ್‌ನವರು, ಚಿಂದಿ ಆಯುವವರು, ಮೂವರನ್ನೂ ‘ಸ್ವಚ್ಛತಾ ಸೇನಾನಿಗಳು’ ಎಂದು ಒಂದೇ ಹಗ್ಗದಲ್ಲಿ ಕಟ್ಟಿದ್ದೀರಿ. ಗೊತ್ತಿದ್ದವರು ಇಲ್ಲಿಗೇ ಓದು ನಿಲ್ಲಿಸುತ್ತಾರೆ. ಗುಡಿಸುವವರಲ್ಲಿ ಹೆಚ್ಚಿನವರು ದಲಿತ ಹೆಣ್ಣುಮಕ್ಕಳು. ಗುತ್ತಿಗೆದಾರರ ಕೈಯಿಂದ ಬಿಡಿಸಿ ಪಾಲಿಕೆಯಿಂದಲೇ ನೇರ ಪಾವತಿ ಮಾಡುವ ನಿರ್ಧಾರ 2017–18ರಲ್ಲಿ ಬಂದದ್ದು ಇವರಿಗೆ. ಟಿಪ್ಪರ್ ಚಾಲಕರು, ಸಹಾಯಕರು ಆಗ ಗುತ್ತಿಗೆಯಲ್ಲೇ ಉಳಿದರು. ಚಿಂದಿ ಆಯುವವರಿಗೆ ಸಂಬಳವೇ ಇಲ್ಲ, ಆಯ್ದು ಮಾರಿದ್ದೇ ದುಡಿಮೆ. ಒಬ್ಬರ ಬೇಡಿಕೆ ಕಾಯಂ ನೌಕರಿ, ಇನ್ನೊಬ್ಬರದು ನೇರ ಪಾವತಿ, ಮತ್ತೊಬ್ಬರದು ಕಸದ ಮೇಲೆ ಹಕ್ಕು. ಒಬ್ಬರಿಗೆ ಸಿಕ್ಕಿದ್ದು ಇನ್ನೊಬ್ಬರ ಹೊಟ್ಟೆಗೆ ಹೊಡೆಯುವುದೂ ಉಂಟು.

ಖಾಯಮಾತಿ ‘ಸರ್ಕಾರದ ಔದಾರ್ಯದಿಂದ’ ಬಂತು ಎಂದಿದ್ದೀರಿ. 2022ರ ಜುಲೈ ಮೊದಲ ವಾರ ಫ್ರೀಡಂ ಪಾರ್ಕಿನಲ್ಲಿ ಪೊರಕೆ ಕೆಳಗಿಟ್ಟು ಕೂತವರು ಇದನ್ನು ಓದಿದರೆ ಏನಂದಾರು? ಆ ಮುಷ್ಕರದಿಂದ 2025ರ ಮೇ 1ರಂದು 12,692 ಜನರಿಗೆ ನೇಮಕಾತಿ ಪತ್ರ ಸಿಗುವವರೆಗೆ ಮೂರು ವರ್ಷ ಹಿಡಿಯಿತು. ನಿಮ್ಮ ಮುಂದಾಳು ಆ ಮೂರು ವರ್ಷ ಏನು ಮಾಡಿದರು? ಸಭೆಗೆ ಜನ ಸೇರಿಸುವುದು ಹೇಗೆ, ಕೆಲಸ ಬಿಟ್ಟು ಬಂದರೆ ಹಾಜರಿ ಹೋಗುತ್ತದೆ ಎಂಬ ಹೆದರಿಕೆಗೆ ಏನು ಉತ್ತರ, ಮೇಸ್ತ್ರಿ ಕಣ್ಣು ಬಿಟ್ಟರೆ ಯಾರು ಮುಂದೆ ನಿಲ್ಲುತ್ತಿದ್ದರು? ಬೆಳಗ್ಗೆ ಮಸ್ಟರಿಂಗ್ ಕೇಂದ್ರದಲ್ಲಿ ಹಾಜರಿ ಹಾಕುವ ಹೊತ್ತಿಗೆ ಹೋಗಿ ನಿಂತರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಕಚೇರಿ ವೇಳೆಗೆ ಹೋದರೆ ಸಿಗುವುದು ಭಾಷಣ.

ಉದ್ಯಮಿಯ ಪೀಠಿಕೆಯಲ್ಲಿ ‘ದನಿಯೇ ಇಲ್ಲದ ಗಾರ್ಮೆಂಟ್ಸ್ ಹೆಣ್ಣುಮಕ್ಕಳು’ ಎಂಬ ಮಾತಿದೆ. ದಯವಿಟ್ಟು ತೆಗೆಯಿರಿ. 2016ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಪಿಎಫ್ ನಿಯಮ ಬದಲಿಸಿ, ಮಾಲೀಕರ ಪಾಲಿನ ಹಣವನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದಿತು. ಹೊಲಿಗೆ ಯಂತ್ರದ ಮುಂದೆ 58ರವರೆಗೆ ಯಾರು ಕೂರುತ್ತಾರೆ? ಕೆಲಸ ಬಿಟ್ಟಾಗ ಸಿಗುವ ಆ ಇಡಿಗಂಟೇ ಮಗಳ ಮದುವೆಗೆ, ಸಾಲಕ್ಕೆ, ಸ್ಕೂಲ್ ಫೀಸಿಗೆ. ಏಪ್ರಿಲ್ 18ರಂದು ಅವರು ಹೊಸೂರು ರಸ್ತೆಗೆ ಇಳಿದರು, ಮರುದಿನವೇ ಆದೇಶ ವಾಪಸ್ಸಾಯಿತು. ವೇದಿಕೆಯ ಮೇಲೆ ಒಬ್ಬ ನಾಯಕಿಯೂ ಇರಲಿಲ್ಲ. ಲೈನಿನಿಂದ ಲೈನಿಗೆ, ಫ್ಯಾಕ್ಟರಿಯಿಂದ ಫ್ಯಾಕ್ಟರಿಗೆ ಬಾಯಿಂದ ಬಾಯಿಗೆ ಹರಡಿದ ಮಾತು. ಹೆಸರಿಲ್ಲದ ಆ ನಾಯಕತ್ವವನ್ನು ನಿಮ್ಮ ಲೇಖನದ ಚೌಕಟ್ಟು ಹಿಡಿಯಲಾರದು, ಏಕೆಂದರೆ ಅದಕ್ಕೆ ಶಾಲು ಹೊದಿಸಲು ಬರುವುದಿಲ್ಲ.

ಸ್ವಸಹಾಯ ಸಂಘದ ಭಾಗ ಪೂರ್ತಿ ಬಿಡಿ. ಅದರಲ್ಲಿ ಪ್ರಶಸ್ತಿಗಳ ಪಟ್ಟಿಯ ಹೊರತು ಏನೂ ಇಲ್ಲ.

ಈಗ ಹಾಲಿನ ಕವರು. ‘ತಮ್ಮ ಛಲದಿಂದ ಒಣಕಸ ಕೇಂದ್ರ ಸ್ಥಾಪಿಸಿದರು’ ಎಂದು ಬರೆದಿದ್ದೀರಿ. ಆ ಶೆಡ್ಡು ಪಾಲಿಕೆಯದು, ಅವರು ಒಪ್ಪಂದದ ಮೇಲೆ ನಡೆಸುತ್ತಾರೆ. ಚಿಂದಿ ಆಯುವವರೊಬ್ಬರು ಅಲ್ಲಿಗೆ ಬಂದ ದಾರಿ ಉದ್ದದ್ದು. ಬೆಂಗಳೂರಿನವರೇ ಆದ ಅಲ್ಮಿತ್ರಾ ಪಟೇಲ್ 1996ರಲ್ಲಿ ಕಸದ ವಿಲೇವಾರಿ ಸರಿಯಾಗಲಿ ಎಂದು ಸುಪ್ರೀಂ ಕೋರ್ಟಿಗೆ ಹೋದದ್ದರಿಂದ 2000ದ ನಗರ ಘನತ್ಯಾಜ್ಯ ನಿಯಮಗಳು ಬಂದವು. 2012ರಲ್ಲಿ ಮಾವಳ್ಳಿಪುರ, 2014ರ ಕೊನೆಗೆ ಮಂಡೂರು, ಹೀಗೆ ಹಳ್ಳಿಯವರು ಒಂದೊಂದಾಗಿ ಕಸದ ಲಾರಿಗೆ ಬಾಗಿಲು ಹಾಕಿದರು. ನಳಿನಿ ಶೇಖರ್ ಮತ್ತು ಚಿಂದಿ ಆಯುವವರ ನಡುವೆ ಕೆಲಸ ಮಾಡುವ ಹಸಿರು ದಳ ಸಂಸ್ಥೆಯವರು ಪಟ್ಟು ಹಿಡಿದು ಅವರಿಗೆ ಪಾಲಿಕೆಯ ಗುರುತಿನ ಚೀಟಿ ಕೊಡಿಸಿದರು. ಅಲ್ಲಿಯವರೆಗೆ ನಸುಕಿನಲ್ಲಿ ಚೀಲ ಹೊತ್ತವರೆಂದರೆ ಪೊಲೀಸರಿಗೆ ಕಳ್ಳರೇ. 2015ರ ಡಿಸೆಂಬರಿನಲ್ಲಿ ಹೈಕೋರ್ಟು ಎರಡು ಬುಟ್ಟಿ, ಒಂದು ಚೀಲ ಎಂದಿತು: ಹಸಿಕಸಕ್ಕೆ ಹಸಿರು ಬುಟ್ಟಿ, ಪ್ಯಾಡು ಡಯಾಪರ್‌ಗಳಿಗೆ ಕೆಂಪು, ಒಣಕಸಕ್ಕೆ ಚೀಲ. ನಿಮ್ಮ ಹೆಣ್ಣುಮಗಳ ಕೈಗೆ ಶೆಡ್ಡಿನ ಬೀಗ ಬಂದದ್ದು ಇಷ್ಟೆಲ್ಲ ಕೈ ದಾಟಿ. ಅದನ್ನು ಬರೆದರೆ ಅವರ ಹೆಚ್ಚುಗಾರಿಕೆ ಒಂದು ಗುಲಗಂಜಿಯೂ ಕಡಿಮೆಯಾಗುವುದಿಲ್ಲ.

ಅವರು ಕವರು ಮೂಸಿದ್ದೇಕೆ? ನೀವು ಕೇಳಲಿಲ್ಲ. ತೊಳೆಯದ ಕವರು ಎರಡು ದಿನಕ್ಕೆ ಹುಳಿ ನಾತ ಹೊಡೆಯುತ್ತದೆ, ಆಮೇಲೆ ಹುಳ. ಅದರ ತೇವ ಪಕ್ಕದ ರದ್ದಿಗೆ, ರಟ್ಟಿಗೆ ತಾಗಿ ಅವುಗಳ ದರವನ್ನೂ ಇಳಿಸುತ್ತದೆ. ಒಂದು ಅರ್ಧ ಲೀಟರ್ ಕವರು ಸುಮಾರು ಮೂರು ಗ್ರಾಂ. ಒಂದು ಕಿಲೋ ಆಗಲು 300ಕ್ಕೂ ಹೆಚ್ಚು ಬೇಕು. ದಿನಕ್ಕೆ ಎರಡು ಪ್ಯಾಕೆಟ್ ಕೊಳ್ಳುವ ಮನೆಯಿಂದ ತಿಂಗಳಿಗೆ 60, ಅಂದರೆ ಐದಾರು ಮನೆಯವರು ತಿಂಗಳಿಡೀ ತೊಳೆದು ಒಣಗಿಸಿ ಕೊಟ್ಟರೆ ಒಂದು ಕಿಲೋ. ಮೂಲೆ ಕತ್ತರಿಸುವಾಗ ಚೂರು ಬೇರೆಯಾದರೆ ಅದು ಯಾರ ಕೈಗೂ ಸಿಗದೆ ಮೋರಿ ಸೇರುತ್ತದೆ, ಅದಕ್ಕೇ ಪೂರ್ತಿ ಕತ್ತರಿಸಬೇಡಿ ಎನ್ನುವುದು. ಪೆಟ್ ಬಾಟಲಿಯ ಮುಚ್ಚಳ, ಅದರ ಕೆಳಗಿನ ಉಂಗುರ ಬೇರೆ ಜಾತಿಯ ಪ್ಲಾಸ್ಟಿಕ್, ಕಿತ್ತು ಬೇರೆ ಹಾಕಬೇಕು. ಚಿಪ್ಸ್ ಪೊಟ್ಟಣಕ್ಕೆ ಗುಜರಿಯಲ್ಲಿ ಗಿರಾಕಿಯೇ ಇಲ್ಲ. ಪದರ ಪದರವಾಗಿ ಅಂಟಿರುವ ಅದನ್ನು ಬಿಡಿಸಲು ಬಾರದು, ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಕಳಿಸಬೇಕು. ಕೂಲಿ ಮಾತ್ರ ಅದನ್ನು ಬೇರ್ಪಡಿಸಲಿಕ್ಕೂ ಅಷ್ಟೇ. ಈ ಅಂಗೈಯಗಲದ ಲೆಕ್ಕದಲ್ಲಿ ಅವರು ಎಷ್ಟು ಜನರಿಗೆ ಸಂಬಳ ಕೊಡುತ್ತಿದ್ದಾರೆ? ಅದೇ ನಿಮ್ಮ ಲೇಖನ.

ಟಿಪ್ಪರಿನ ಗಣಿತವನ್ನೂ ನೋಡಿ. ಒಂದು ಆಟೋ ಟಿಪ್ಪರಿಗೆ ಸುಮಾರು 750 ಮನೆ ಎಂಬುದು ಲೆಕ್ಕ. ಒಂದು ಮನೆ ಮುಂದೆ ಅರ್ಧ ನಿಮಿಷ ನಿಂತರೂ ಆರೂಕಾಲು ಗಂಟೆ ಆಯಿತು, ಓಡಾಟದ ಸಮಯ ಬಿಟ್ಟು. ‘ಜನರಲ್ಲಿ ಜಾಗೃತಿ ಇಲ್ಲ’ ಎಂದು ನೀವು ಮೂರು ಕಡೆ ಬರೆದಿದ್ದೀರಿ, ಆದರೆ ಬೇರೆ ಮಾಡಿಟ್ಟ ಕಸವೂ ಗಾಡಿಯಲ್ಲಿ ಬೆರೆತುಹೋಗುವುದಕ್ಕೆ ಅವಸರವೂ ಒಂದು ಕಾರಣ. ಇನ್ನೊಂದು, ಬೆಲೆ ಬಾಳುವ ರಟ್ಟು, ಬಾಟಲಿ ದಾರಿಯಲ್ಲೇ ಗುಜರಿ ಅಂಗಡಿಗೆ ಇಳಿದು, ಕೇಂದ್ರಕ್ಕೆ ಗಸಿ ಮಾತ್ರ ಬರುವುದುಂಟು. ನಿಮ್ಮ ಹೆಣ್ಣುಮಗಳಿಗೂ ಟಿಪ್ಪರಿನವರಿಗೂ ಸಂಬಂಧ ಹೇಗಿದೆ? ಜಗಳವೋ, ಚಹಾ ಕೊಡಿಸಿ ಪುಸಲಾಯಿಸುವುದೋ? ನಾಯಕತ್ವ ಎಂದು ನೀವು ಹುಡುಕುತ್ತಿರುವುದು ಅಲ್ಲಿದ್ದರೂ ಇರಬಹುದು.

ಮತ್ತೆ ಹೋಗಿ. ಒಂದು ವಾರ, ದಿನಕ್ಕೆರಡು ಗಂಟೆ, ಗಾಡಿಗಳು ಬಂದು ಸುರಿಯುವ ಹೊತ್ತಿಗೆ. ತೂಕದ ಪುಸ್ತಕ ತೋರಿಸಲು ಕೇಳಿ, ಮೂರು ತಿಂಗಳ ಅಂಕಿ ಬರೆದುಕೊಳ್ಳಿ: ಬಂದದ್ದೆಷ್ಟು, ಮಾರಿದ್ದೆಷ್ಟು, ಮಾರಲಾಗದೆ ಉಳಿದದ್ದೆಷ್ಟು. ಗುಜರಿ ದರ ಬರೆದರೆ ತಾರೀಖು ಹಾಕಿ, ಅದು ದಿನಕ್ಕೊಂದು ಬಣ್ಣ. ಪಾಲಿಕೆಯಿಂದ ಬರಬೇಕಾದ ಹಣ ಎಷ್ಟು ತಿಂಗಳಿಗೆ ಬರುತ್ತದೆ, ಅಲ್ಲಿಯವರೆಗೆ ಕೂಲಿಗೆ ದುಡ್ಡು ಎಲ್ಲಿಂದ ಎಂದೂ ಕೇಳಿ. ಒಪ್ಪಂದದ ಪ್ರತಿ ಅವರಲ್ಲಿ ಸಿಗದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ವಿಷಯ ಒಂದೇ ಇರಬೇಕು. ಒಪ್ಪಂದ, ಪಾವತಿ, ಟಿಪ್ಪರ್ ಎಲ್ಲ ಒಂದರಲ್ಲೇ ತುರುಕಿದರೆ ವಾಪಸ್ ಬರುತ್ತದೆ, ತಿಂಗಳು ದಂಡ. ಮೂರು ಅರ್ಜಿ ಬೇರೆ ಬೇರೆ ಹಾಕಿ.

ಅವರ ಬಾಯಲ್ಲಿ ‘ಸಮಾಜದ ಋಣ ತೀರಿಸುವುದೇ ನನ್ನ ಧ್ಯೇಯ’ ಎಂದು ಹೇಳಿಸಿದ್ದೀರಿ. ಹಾಗೆ ಅವರು ಹೇಳಿರಲಾರರು. ಬೆಂಗಳೂರಿನ ಚಿಂದಿ ಆಯುವವರಲ್ಲಿ ಎಷ್ಟೋ ಮನೆಗಳಲ್ಲಿ ತಮಿಳು, ತೆಲುಗು ಇಲ್ಲವೇ ದಖನಿ ಉರ್ದು ಮಾತು. ಅವರ ಕನ್ನಡಕ್ಕೆ ಅದರದೇ ಲಯವಿದೆ, ಹಾಗೇ ಬಿಡಿ, ಗ್ರಾಂಥಿಕದ ಇಸ್ತ್ರಿ ಹೊಡೆಯಬೇಡಿ. ಮಕ್ಕಳ ಶಾಲೆಯ ಹೆಸರು ಲೇಖನದಲ್ಲಿದೆ. ಅಮ್ಮನ ಕೆಲಸ ಏನೆಂದು ಅಲ್ಲಿ ಗೊತ್ತಿದೆಯೋ ಇಲ್ಲವೋ ಕೇಳಿದಿರಾ? ಅವರ ಹೆಸರು ಹಾಕುವ ಮುಂಚೆಯೂ ಬರೆದದ್ದನ್ನು ಓದಿ ಹೇಳಿ ಒಪ್ಪಿಗೆ ಪಡೆಯಿರಿ.

1,200 ಪದ, ಒಬ್ಬರೇ. ಮಾಹಿತಿ ಹಕ್ಕಿನ ಉತ್ತರ ಬರುವವರೆಗೆ ಕಾಯುತ್ತೇವೆ, ಅವಸರವಿಲ್ಲ. ಸನ್ಮಾನದ ಫೋಟೊ ಬೇಡ. ತಕ್ಕಡಿ ಪಕ್ಕ ನಿಂತದ್ದು ಇದ್ದರೆ ಕಳಿಸಿ, ತೂಕದ ಅಂಕಿ ಓದುವಂತಿರಲಿ.

ಇಂತಿ,
ಸಂಪಾದಕೀಯ ಬಳಗ