ಎಡ ಯಾರದು, ಬಲ ಯಾರದು?

ಈ ಸಲ ಬಂದ ಪತ್ರಗಳಲ್ಲಿ ನೋವಿಗಿಂತ ರಿಪೋರ್ಟಿನ ಭಾಷೆಯ ಬಗ್ಗೆಯೇ ದೂರು ಜಾಸ್ತಿ. ಮಳೆಗಾಲ ಅಲ್ವಾ, ಜಾರಿ ಬಿದ್ದವರೂ ಹೆಚ್ಚು, ಫಿಲಂ ತೆಗೆಸಿದವರೂ ಹೆಚ್ಚು. ತೀರ್ಥಹಳ್ಳಿಯಲ್ಲಿ ಮೂವತ್ತು ವರ್ಷ ಫಿಸಿಯೋಥೆರಪಿ ಮಾಡಿ, ಈಗ ಜಗಲಿಯಲ್ಲಿ ಕೂತಿರುವ ನನಗೆ ಇದು ಇಷ್ಟದ ವಿಷಯ.

ಪ್ರಶ್ನೆ: ಅಪ್ಪ ಅಂಗಳದಲ್ಲಿ ಪಾಚಿಯ ಮೇಲೆ ಜಾರಿ, ಕೈ ಊರಿ ಬಿದ್ದರು. ಎಕ್ಸ್‌ರೇ ರಿಪೋರ್ಟಿನಲ್ಲಿ ‘ಡಿಸ್ಟಲ್ ರೇಡಿಯಸ್ ಫ್ರ್ಯಾಕ್ಚರ್, ಡಾರ್ಸಲ್ ಡಿಸ್‌ಪ್ಲೇಸ್‌ಮೆಂಟ್’ ಅಂತಿದೆ. ‘ಕೈಮೂಳೆಯ ಕೆಳಭಾಗ ಮುರಿದಿದೆ’ ಅಂತ ಬರೆದರೆ ಆಗದೇ? — ಓದುಗರು, ಕೋಣಂದೂರು

ಆಗುವುದಿಲ್ಲ. ಯಾಕೆ ಅಂತ ಈಗಲೇ ನೋಡಿ. ಕೈ ಇಳಿಬಿಟ್ಟು ನಿಲ್ಲಿ. ಮಣಿಕಟ್ಟು ಮೊಣಕೈಗಿಂತ ಕೆಳಗಿದೆ. ಈಗ ದೋಟಿ ಹಿಡಿದವರ ಹಾಗೆ ಕೈ ಮೇಲೆತ್ತಿ. ಮಣಿಕಟ್ಟು ಮೊಣಕೈಗಿಂತ ಮೇಲೆ ಹೋಯಿತು! ಹಾಗಾದರೆ ‘ಕೆಳಭಾಗ’ ಯಾವುದು?

ಅದಕ್ಕೇ ಕೈಕಾಲಿಗೆ ಬುಡ-ತುದಿಯ ಲೆಕ್ಕ. ಕೈಯ ಬುಡ ಹೆಗಲು, ಕಾಲಿನ ಬುಡ ತೊಡೆಸಂದು. ಬುಡದ ಕಡೆಗಿದ್ದರೆ ಪ್ರಾಕ್ಸಿಮಲ್, ತುದಿಯ ಕಡೆಗಿದ್ದರೆ ಡಿಸ್ಟಲ್. ಗಾಳಿಗೆ ಅಡಿಕೆ ಮರ ಅಡ್ಡ ಬಿದ್ದರೂ ಬುಡ ಬುಡವೇ, ತುದಿ ತುದಿಯೇ ಅಲ್ವಾ? ಅಷ್ಟೇ ವಿಷಯ.

ಮೊಣಕೈಯಿಂದ ಮಣಿಕಟ್ಟಿನವರೆಗೆ ಎರಡು ಮೂಳೆಗಳಿವೆ. ಹೆಬ್ಬೆರಳಿನ ಕಡೆಯದು ರೇಡಿಯಸ್, ಕಿರುಬೆರಳಿನ ಕಡೆಯದು ಅಲ್ನಾ. ಡಾರ್ಸಲ್ ಅಂದರೆ ಬೆನ್ನಿನ ಬದಿ. ಕೈಗೂ ಒಂದು ಬೆನ್ನಿದೆ, ಉಗುರು ಕಾಣುವ ಬದಿ. ಈಗ ನೀವೇ ಓದಿ: ಹೆಬ್ಬೆರಳಿನ ಕಡೆಯ ಮೂಳೆ ಮಣಿಕಟ್ಟಿನ ಹತ್ತಿರ ಮುರಿದಿದೆ, ಮುರಿದ ತುದಿ ಕೈಯ ಬೆನ್ನಿನ ಕಡೆಗೆ ಸರಿದಿದೆ. ಕೈ ಊರಿ ಬಿದ್ದವರಲ್ಲಿ ತೀರಾ ಸಾಮಾನ್ಯವಾದ ಮುರಿತ ಇದು. ಐರ್ಲೆಂಡಿನ ಸರ್ಜನ್ ಅಬ್ರಹಾಂ ಕಾಲಿಸ್ ಇದನ್ನು 1814ರಲ್ಲೇ ವಿವರಿಸಿ ಬರೆದ. ಎಕ್ಸ್‌ರೇ ಕಂಡುಹಿಡಿದದ್ದು 1895ರಲ್ಲಿ. ಬರೀ ಕೈಯಿಂದ ಮುಟ್ಟಿ, ಕಣ್ಣಿಂದ ನೋಡಿ ಬರೆದದ್ದು ಅಂತ ನೆನೆದಾಗಲೆಲ್ಲ ನನಗೆ ಬೆರಗು.

ಅಂದ ಹಾಗೆ, ಅಂಗಳಕ್ಕೆ ಅಡಿಕೆ ದಬ್ಬೆ ಹಾಸಿಲ್ಲವೇ? ಹಾಸಿ ಮಾರಾಯ್ರೆ.

ಪ್ರಶ್ನೆ: ನರ್ಸಿಂಗ್ ಮೊದಲ ವರ್ಷ ಓದುತ್ತಿದ್ದೇನೆ. ಸ್ಯಾಜಿಟಲ್, ಕೊರೊನಲ್, ಟ್ರಾನ್ಸ್‌ವರ್ಸ್ ಪ್ಲೇನ್‌ಗಳು ಎಷ್ಟು ಉರು ಹೊಡೆದರೂ ಪರೀಕ್ಷೆಯಲ್ಲಿ ಅದಲು ಬದಲಾಗುತ್ತವೆ. — ವಿದ್ಯಾರ್ಥಿನಿ, ಶಿವಮೊಗ್ಗ

ಉರು ಹೊಡೆಯಬೇಡಿ. ಪ್ಲೇನ್ ಅಂದರೆ ಮೈಯನ್ನು ಎರಡು ಭಾಗ ಮಾಡುವ ಊಹೆಯ ಸಮತಲ, ಅಷ್ಟೇ. ಊರಿಗೆ ಹೋದಾಗ ಹೆಬ್ಬಾಗಿಲ ಹೊಸ್ತಿಲ ಮೇಲೆ, ಅಂಗಳಕ್ಕೆ ಮುಖ ಮಾಡಿ ನಿಲ್ಲಿ. ಅಜ್ಜಿ ‘ಹೊಸ್ತಿಲು ತುಳೀಬೇಡ’ ಅಂತ ಬೈದರೆ ಪರೀಕ್ಷೆಗೆ ಅಂತ ಹೇಳಿ. ಪಾದ ಮುಂದಕ್ಕೆ, ಕೈ ಮೈಪಕ್ಕ, ಅಂಗೈ ಅಂಗಳದ ಕಡೆಗೆ. ಹೆಬ್ಬೆರಳು ಹೊರಗೆ ಚಾಚಿರಬೇಕು. ಇದೇ ಅನಾಟಮಿಕಲ್ ಪೊಸಿಷನ್. ರೋಗಿ ಮಂಚದ ಮೇಲೆ ಮುದುರಿ ಮಲಗಿದ್ದರೂ ಲೆಕ್ಕಕ್ಕೆ ಹೀಗೇ ನಿಂತಿದ್ದಾನೆ ಅಂತ ಇಟ್ಟುಕೊಳ್ಳಬೇಕು.

ಈಗ ಬಾಗಿಲು ನಿಮ್ಮ ಮೈಯೊಳಗೇ ಹಾದು ಮುಚ್ಚಿಕೊಂಡಿತು ಅಂದುಕೊಳ್ಳಿ. ಮೂಗು, ಹೊಟ್ಟೆ ಅಂಗಳದಲ್ಲಿ ಉಳಿದವು. ಬೆನ್ನು, ಹಿಮ್ಮಡಿ ಒಳಗೆ. ಆ ಬಾಗಿಲೇ ಕೊರೊನಲ್ ಪ್ಲೇನ್. ಅಂಗಳದಿಂದ ಯಾರೋ ಬಿಟ್ಟ ಬಾಣ ಎದೆಗೆ ಹೊಕ್ಕು ಬೆನ್ನಲ್ಲಿ ಹೊರಟಿತು ಅನ್ನಿ. ಆ ಬಾಣದ ದಾರಿಯಲ್ಲೇ ನೆತ್ತಿಯಿಂದ ಕೆಳಗೆ ಸೀಳಿದರೆ ಎಡಭಾಗ, ಬಲಭಾಗ ಬೇರೆಯಾಗುತ್ತವೆ. ಅದು ಸ್ಯಾಜಿಟಲ್. ಲ್ಯಾಟಿನ್‌ನಲ್ಲಿ ಸಜಿಟ್ಟಾ ಅಂದರೆ ಬಾಣವೇ. ಅಟ್ಟದ ಹಲಗೆಯನ್ನು ಸೊಂಟದ ಮಟ್ಟಕ್ಕೆ ಇಳಿಸಿದರೆ ಟ್ರಾನ್ಸ್‌ವರ್ಸ್.

ಚಲನೆ ನೆನಪಿಡಲು ಕತ್ತು ಒಂದೇ ಸಾಕು. ‘ಹೂಂ’ ಅಂತ ತಲೆ ಮೇಲೆ ಕೆಳಗೆ ಆಡಿಸುತ್ತೀರಿ, ಅದು ಸ್ಯಾಜಿಟಲ್‌ನಲ್ಲಿ. ‘ಊಹೂಂ’ ಅಂತ ಆಚೀಚೆ ತಿರುಗಿಸುತ್ತೀರಿ, ಟ್ರಾನ್ಸ್‌ವರ್ಸ್‌ನಲ್ಲಿ. ಇನ್ನು ಮೂರನೆಯದು, ಹೌದೂ ಅಲ್ಲದ ಇಲ್ಲವೂ ಅಲ್ಲದ, ‘ಆಯ್ತು ಬಿಡಿ, ನೋಡೋಣ’ ಅನ್ನುವ ನಮ್ಮ ಓಲಾಟ. ಕಿವಿ ಹೆಗಲ ಕಡೆಗೆ ವಾಲುತ್ತದಲ್ಲ, ಅದು ಅಪ್ಪಟ ಕೊರೊನಲ್. ಪಠ್ಯ ಬರೆದ ವಿದೇಶಿಯರಿಗೆ ಈ ಅನುಕೂಲ ಇರಲಿಲ್ಲ, ಪಾಪ.

ಒಂದು ಎಚ್ಚರಿಕೆ. ಹೆಬ್ಬೆರಳು ಉಳಿದ ಬೆರಳುಗಳಿಗೆ ಅಡ್ಡವಾಗಿ ತಿರುಗಿ ಕೂತಿದೆ. ಹಾಗಾಗಿ ಅದು ಅಂಗೈಯ ಮೇಲೆ ಅಡ್ಡ ಹಾಯುವುದು ಫ್ಲೆಕ್ಷನ್ (ಮಡಚುವುದು), ಅಂಗೈಯಿಂದ ಎದ್ದು ಮುಂದಕ್ಕೆ ಬರುವುದು ಅಬ್‌ಡಕ್ಷನ್ (ದೂರ ಸರಿಯುವುದು). ಪರೀಕ್ಷಕರಿಗೆ ಈ ಪ್ರಶ್ನೆ ಬಹಳ ಪ್ರೀತಿ.

ಪ್ರಶ್ನೆ: ಸಿ.ಟಿ. ರಿಪೋರ್ಟಿನಲ್ಲಿ ಬಲಗಡೆ ತೊಂದರೆ ಅಂತಿದೆ. ಫಿಲಂ ಹಿಡಿದು ನೋಡಿದರೆ ಎಡಗಡೆ ಕಾಣುತ್ತದೆ. ತಪ್ಪಾಗಿದೆಯೇ? — ಓದುಗರು, ರಿಪ್ಪನ್‌ಪೇಟೆ

ತಪ್ಪಿಲ್ಲ. ಅಂಗಾತ ಮಲಗಿದ ರೋಗಿಯ ಪಾದದ ಕಡೆ ನಿಂತು ತಲೆಯ ಕಡೆಗೆ ನೋಡಿದ ಹಾಗೆ ಆ ಚಿತ್ರ ಇಡುತ್ತಾರೆ. ಹಾಗೆ ನೋಡಿದಾಗ ಅವರ ಬಲ ನಿಮ್ಮ ಎಡಕ್ಕೆ ಬರುತ್ತದೆ. ಎಡ-ಬಲ ಯಾವತ್ತೂ ರೋಗಿಯದು, ನೋಡುವವರದ್ದಲ್ಲ.

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಟ್ರೈನಿಂಗ್‌ನಲ್ಲಿದ್ದಾಗ ಒಬ್ಬ ಅಜ್ಜಿಯ ಬಲ ಮಂಡಿಗೆ ಶಾಖ ಕೊಡಬೇಕಿತ್ತು. ಎದುರು ನಿಂತಿದ್ದೆ. ನನ್ನ ಬಲಗೈಗೆ ನೇರವಾಗಿ ಸಿಕ್ಕ ಮಂಡಿಗೆ ಬಿಸಿ ಪ್ಯಾಕ್ ಸುತ್ತಿದೆ. ಹತ್ತು ನಿಮಿಷ ಆದಮೇಲೆ ಅಜ್ಜಿ ಮೆಲ್ಲಗೆ, ‘ಮಗಾ, ನೋವಿರೋದು ಆ ಕಾಲಿಗೆ. ಬಿಸಿ ಹಿತವಾಗಿತ್ತು, ಸುಮ್ನಿದ್ದೆ’ ಅಂದರು. ಅವತ್ತಿನಿಂದ ಮುಟ್ಟುವ ಮೊದಲು ರೋಗಿಯ ಕೈಯಲ್ಲೇ ತೋರಿಸಲು ಹೇಳುವುದು ರೂಢಿಯಾಯಿತು.

ಪ್ರಶ್ನೆ: ಸೀಸನ್‌ನಲ್ಲಿ ದಿನವಿಡೀ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುತ್ತೇನೆ. ಕೈನೋವಿಗೆ ‘ಸುಪಿನೇಶನ್, ಪ್ರೊನೇಶನ್ ಮಾಡಿ, ಅಬ್‌ಡಕ್ಷನ್ ಸದ್ಯ ಬೇಡ’ ಅಂದಿದ್ದಾರೆ. ತಲೆಯಾಡಿಸಿ ಬಂದೆ, ಏನೂ ತಿಳಿಯಲಿಲ್ಲ. — ಓದುಗರು, ಸಾಗರ ತಾಲ್ಲೂಕು

ತಲೆಯಾಡಿಸಿದ್ದು ಯಾವ ಪ್ಲೇನಿನಲ್ಲಿ ಅಂತ ಮೇಲಿನ ಉತ್ತರ ಓದಿ!

ಪೂಜೆಯಲ್ಲಿ ತೀರ್ಥಕ್ಕೆ ಕೈ ಒಡ್ಡುತ್ತೀರಲ್ಲ, ಅಂಗೈ ಮೇಲೆ. ಆ ಕಡೆಗೆ ತಿರುಗಿಸುವುದು ಸುಪಿನೇಶನ್. ಸಗಣಿಯಲ್ಲಿ ನೆಲ ಸಾರಿಸುವಾಗ ಅಂಗೈ ಕೆಳಗೆ. ಅದು ಪ್ರೊನೇಶನ್. ಮಲಗುವುದಕ್ಕೂ ಇವೇ ಮಾತು: ಅಂಗಾತ ಮಲಗಿದರೆ ಸುಪೈನ್, ಬೋರಲು ಮಲಗಿದರೆ ಪ್ರೋನ್. ಅಂಗಾತ, ಬೋರಲು ಅಂತ ಎರಡು ಚೊಕ್ಕ ಮಾತು ನಮ್ಮಲ್ಲಿರುವಾಗ ಇವನ್ನು ಹೇಳಿಕೊಡಲು ಇಂಗ್ಲಿಷ್ ಯಾಕೆ ಬೇಕೋ.

ಮಾಡುವ ಕ್ರಮ ಮುಖ್ಯ. ಮೊಣಕೈಯನ್ನು ಸೊಂಟಕ್ಕೆ ಒತ್ತಿಕೊಂಡು 90 ಡಿಗ್ರಿಗೆ ಮಡಚಿ. ಇನ್ನೊಂದು ಕೈಯಲ್ಲಿ ಮಣಿಕಟ್ಟಿಗಿಂತ ನಾಲ್ಕು ಬೆರಳು ಹಿಂದೆ ಹಿಡಿದುಕೊಂಡು ನಿಧಾನ ತಿರುಗಿಸಿ. ಒಳಗೊಂದು ಮೂಳೆ ಉರುಳುವುದು ಕೈಗೆ ತಿಳಿಯುತ್ತದೆ. ಅದೇ ರೇಡಿಯಸ್. ಅಂಗೈ ಬೋರಲಾದಂತೆ ಅದು ಅಲ್ನಾದ ಮೇಲೆ ಅಡ್ಡ ಹಾಯುತ್ತದೆ, ಅಲ್ನಾ ಹೆಚ್ಚುಕಮ್ಮಿ ಇದ್ದಲ್ಲೇ ಇರುತ್ತದೆ. ಮೊಣಕೈ ಸೊಂಟ ಬಿಟ್ಟರೆ ಹೆಗಲು ಸದ್ದಿಲ್ಲದೆ ನೆರವಿಗೆ ಬರುತ್ತದೆ. ಕೈ ತಿರುಗಿದ ಹಾಗೆ ಕಾಣುತ್ತದೆ, ವ್ಯಾಯಾಮ ಆಗಿರುವುದಿಲ್ಲ.

ಅಬ್‌ಡಕ್ಷನ್ ಅಂದರೆ ಕೈಯನ್ನು ಪಕ್ಕಕ್ಕೆ, ಮೈಯಿಂದ ದೂರ ಎತ್ತುವುದು. ಮೈಗೆ ವಾಪಸ್ ತರುವುದು ಅಡ್‌ಡಕ್ಷನ್. ಕಿವಿಗೆ ಎರಡೂ ಒಂದೇ ಥರ ಕೇಳುತ್ತವೆ, ಅದಕ್ಕೆ ನಾವು ‘ಎಬಿ-ಡಕ್ಷನ್’, ‘ಎಡಿ-ಡಕ್ಷನ್’ ಅಂತ ಬಿಡಿಸಿ ಹೇಳುತ್ತೇವೆ. ನಿಮಗೆ ಬೇಡ ಅಂದಿರುವುದು ಎಬಿ. ಅಂದರೆ ಸದ್ಯಕ್ಕೆ ಪಕ್ಕದ ಹಗ್ಗಕ್ಕೆ ಒದ್ದೆ ಸೀರೆ ಎಸೆಯುವ ಕೆಲಸ ಮನೆಯಲ್ಲಿ ಬೇರೆ ಯಾರಿಗಾದರೂ ವಹಿಸಿ.

ಪ್ರಶ್ನೆ: ಸಂಕ ದಾಟುವಾಗ ಕಾಲು ಉಳುಕಿತು. ಚೀಟಿಯಲ್ಲಿ ‘ಇನ್‌ವರ್ಶನ್ ಇಂಜುರಿ’ ಅಂತಿದೆ. ದೊಡ್ಡ ಕಾಯಿಲೆಯೇ? — ಓದುಗರು, ಆಗುಂಬೆ

ಕಾಯಿಲೆ ಅಲ್ಲ, ಕಾಲು ಹೊರಳಿದ ದಿಕ್ಕು. ಅಂಗಾಲು ಒಳಮುಖವಾಗಿ ತಿರುಗಿದರೆ ಇನ್‌ವರ್ಶನ್, ಹೊರಮುಖವಾಗಿ ತಿರುಗಿದರೆ ಎವರ್ಶನ್. ಉಳುಕಿನಲ್ಲಿ ಹೆಚ್ಚಿನವು ಮೊದಲನೆಯ ಥರದವು. ಆಗ ಪಾದದ ಹೊರಗಂಟಿನ ಬದಿಯ ಲಿಗಮೆಂಟ್, ಅಂದರೆ ಮೂಳೆಗೆ ಮೂಳೆ ಕಟ್ಟಿ ಹಿಡಿಯುವ ಪಟ್ಟಿ, ಎಳೆತಕ್ಕೆ ಸಿಗುತ್ತದೆ. ಹೊರಗಂಟಿನ ಮುಂದೆ, ಸ್ವಲ್ಪ ಕೆಳಗೆ ಬಾತಿದೆಯಾ? ಹೌದಾದರೆ ಚೀಟಿಯಲ್ಲಿ ಬರೆದದ್ದು ಅದನ್ನೇ. ಆದರೆ ನಾಲ್ಕು ಹೆಜ್ಜೆ ಊರಲೂ ಆಗುತ್ತಿಲ್ಲ ಅಂದರೆ ಎಕ್ಸ್‌ರೇ ಬೇಕೇ ಅಂತ ಡಾಕ್ಟರನ್ನು ಕೇಳಿ, ನನಗೆ ಪತ್ರ ಬರೆದು ಕಾಯಬೇಡಿ.